ಉಳುವ ಕೋಣ, ಓಡುವ ಕೋಣ: ಟ್ರ್ಯಾಕ್ಸಸ್ ಸ್ಟ್ಯಾಂಪೀಡ್ ಜತೆ ಆರು ವರ್ಷ

ಕಳೆದ ಅಕ್ಟೋಬರಿನ ಒಂದು ಶನಿವಾರ ರಾತ್ರಿ, ಡಲ್ಲಾಸಿನ ಉತ್ತರಕ್ಕಿರುವ, ರಿಮೋಟಿನಲ್ಲಿ ಓಡಿಸುವ ಆಟದ ಗಾಡಿಗಳ ಒಂದು ಮಣ್ಣಿನ ಟ್ರ್ಯಾಕಿನಲ್ಲಿ, ಹೆಚ್ಚೆಂದರೆ ಹನ್ನೊಂದು ವರ್ಷದ ಹುಡುಗನೊಬ್ಬ ಐದು ನಿಮಿಷದ ಹೀಟ್‌ನಲ್ಲಿ (ಫೈನಲ್ಲಿಗೆ ಮೊದಲಿನ ಓಟ) ನನ್ನನ್ನು ನಾಲ್ಕು ಸುತ್ತು ಹಿಂದೆ ಹಾಕಿದ. ನಾಲ್ಕನೇ ಸಲ ದಾಟುವಾಗ "ಸಾರಿ ಸರ್" ಅಂತ ಬೇರೆ ಅಂದ. ಮೋಟರ್ ಸುಟ್ಟಿತೇನೋ ಅಂದುಕೊಂಡು ಗಾಡಿಯನ್ನು ಪಿಟ್ ಟೇಬಲ್ಲಿಗೆ ತಂದು ಮುಟ್ಟಿ ನೋಡಿದೆ. ತಣ್ಣಗಿತ್ತು. ಬ್ಯಾಟರಿ ತುಂಬಿತ್ತು, ಗೇರೆಲ್ಲ ಸರಿ ಇತ್ತು. ಆಮೇಲೆ ಹೊಳೆಯಿತು. ಗುರುವಾರ ಸಂಜೆ ಮಗಳು ಪಕ್ಕದ ಮನೆ ಮಕ್ಕಳ ಜತೆ ಆಡ್ತೇನೆ ಅಂದಾಗ ಮೋಟರಿನ ಶಕ್ತಿ ಹತೋಟಿ ಮಾಡುವ ಸ್ಪೀಡ್ ಕಂಟ್ರೋಲರನ್ನು ಟ್ರೇನಿಂಗ್ ಮೋಡ್‌ಗೆ ಹಾಕಿಕೊಟ್ಟವನು ನಾನೇ. ಅದರಲ್ಲಿ ಅರ್ಧ ಶಕ್ತಿ ಮಾತ್ರ ಸಿಗುವುದು. ಮಕ್ಕಳ ಕೈಗೆ ಕೊಡುವಾಗ ಮಾಡಿದ ಏರ್ಪಾಡನ್ನು ತೆಗೆಯದೆ ರೇಸಿಗೆ ಇಳಿದಿದ್ದೆ.

ಒಂದೇ ಗಾಡಿಯನ್ನು ಆಟಕ್ಕೂ ಓಟಕ್ಕೂ ಇಟ್ಟುಕೊಂಡರೆ ಏನಾಗುತ್ತದೆ ಅಂತ ಕೇಳುವವರಿಗೆ ನಾನು ಹೇಳುವ ಮೊದಲ ಕತೆ ಇದು. ಎರಡನೆಯದು ಕುಂದಾಪುರದ ಗದ್ದೆಯಲ್ಲಿ ನಡೆದದ್ದು, ಅದು ಆಮೇಲೆ.

ಗಾಡಿ ಯಾವುದು ಅಂತ ಹೇಳಿಬಿಡ್ತೇನೆ. ಟ್ರ್ಯಾಕ್ಸಸ್ ಕಂಪನಿಯ ಸ್ಟ್ಯಾಂಪೀಡ್ ಅನ್ನುವ ರಿಮೋಟ್ ಟ್ರಕ್, ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಮಾದರಿ, ಎಕ್ಸ್‌ಎಲ್-5 ಸ್ಪೀಡ್ ಕಂಟ್ರೋಲರ್, ಟೈಟನ್ 12ಟಿ ಬ್ರಶ್ ಮೋಟರ್. ನಿಜವಾದ ಟ್ರಕ್ಕಿನ ಹತ್ತನೇ ಒಂದರ ಅಳತೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 27 ಸೆಂಟಿಮೀಟರ್, ತೂಕ ಸುಮಾರು ಎರಡು ಕಿಲೋ. ಈ ಕಂಪನಿ ಶುರುವಾದದ್ದು 1986ರಲ್ಲಿ, ಅದರ ಕಚೇರಿ ಇರುವುದು ಇಲ್ಲೇ ಟೆಕ್ಸಸ್ಸಿನ ಮೆಕಿನಿಯಲ್ಲಿ, ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಹಾಗಂತ ನನಗೇನೂ ರಿಯಾಯಿತಿ ಸಿಕ್ಕಿಲ್ಲ. 2019ರ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಇನ್ನೂರು ಡಾಲರಿಗೆ ಸ್ವಲ್ಪ ಹೆಚ್ಚು ಕೊಟ್ಟು ತಂದೆ. ಫೋನಿನಲ್ಲಿ ಬೆಲೆ ಕೇಳಿದ ಅಪ್ಪಯ್ಯ "ಈ ದುಡ್ಡಿಗೆ ಒಂದ್ ಕರು ಬತ್ತಿತ್ತಲ್ದಾ ಮಾರಾಯ" ಅಂದರು. ಅವತ್ತಿನಿಂದ ಮನೆಯಲ್ಲಿ ಇದರ ಹೆಸರು ಕೋಣ.

ಹೆಸರು ತಮಾಷೆಗೆ ಇಟ್ಟದ್ದಾದರೂ ಸರಿಯಾಗೇ ಕೂತಿದೆ. ನಮ್ಮ ಕಡೆ ಕಂಬಳಕ್ಕೆ ಸಾಕುವ ಕೋಣವನ್ನು ಯಾರೂ ನೇಗಿಲಿಗೆ ಕಟ್ಟುವುದಿಲ್ಲ. ಅದರ ಮೇವು ಬೇರೆ, ಅದಕ್ಕೆ ಹಚ್ಚುವ ಎಣ್ಣೆ ಬೇರೆ, ಅದನ್ನು ನೋಡಿಕೊಳ್ಳುವವರೂ ಬೇರೆ. ಇದು ಗೊತ್ತಿದ್ದೂ ನಾನು ಐದು ವರ್ಷ ಒಂದೇ ಕೋಣದ ಹತ್ತಿರ ಎರಡೂ ಕೆಲಸ ಮಾಡಿಸಿದೆ.

ಮೊದಲು ಆಟದ ಮಾತು. ಡಬ್ಬಿಯಿಂದ ತೆಗೆದ ಹಾಗೇ ಸ್ಟ್ಯಾಂಪೀಡ್ ಎತ್ತರದ ಗಾಡಿ. ಮಿಸೌರಿಯ ಬಾಬ್ ಚಾಂಡ್ಲರ್ 1981ರಲ್ಲಿ ತನ್ನ ಬಿಗ್‌ಫುಟ್ ಟ್ರಕ್ಕನ್ನು ಹಳೆ ಕಾರುಗಳ ಮೇಲೆ ಹತ್ತಿಸಿದ ಮೇಲೆ ಅಮೆರಿಕದಲ್ಲಿ ಮಾನ್‌ಸ್ಟರ್ ಟ್ರಕ್ ಅಂದರೆ ಹೀಗೇ ಇರಬೇಕು ಅಂತಾಗಿದೆ: ದೊಡ್ಡ ಚಕ್ರ, ಚಕ್ರಕ್ಕೂ ಹೊಟ್ಟೆಗೂ ನಡುವೆ ಬೆಕ್ಕು ನುಗ್ಗುವಷ್ಟು ಜಾಗ. ಈ ಗಾಡಿಯ ಮೋಜೆಲ್ಲ ಆ ಎತ್ತರದಲ್ಲೇ ಇದೆ. ರಸ್ತೆಯಂಚಿನ ಕಟ್ಟೆ ಹತ್ತುತ್ತದೆ. ಹುಲ್ಲಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ನಿಂತಲ್ಲಿಂದ ಒಮ್ಮೆಲೇ ರಿಮೋಟಿನ ಟ್ರಿಗರ್ ಎಳೆದರೆ ಮುಂದಿನ ಕಾಲು ಎತ್ತಿ ನಿಲ್ಲುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ತಿರುವಿನಲ್ಲಿ ಸ್ವಲ್ಪ ಜೋರು ಹೋದರೆ ಮಗುಚಿ ಅಂಗಾತ ಬೀಳುತ್ತದೆ, ಆಗ ಇನ್ನೂ ಜೋರು ಚಪ್ಪಾಳೆ.

ಬರೀ ಆಟಕ್ಕೆ ಕೊಳ್ಳುವವರು ಇದಕ್ಕೆ ಹೆಚ್ಚು ಖರ್ಚು ಮಾಡಬೇಡಿ. ನಾನು ಮಾಡಿ ಉಪಯೋಗವಾದದ್ದು ಮೂರೇ. ಮುಂದಿನ ಎರಡು ಸಸ್ಪೆನ್ಷನ್ ತೋಳುಗಳಿಗೆ ಆರ್‌ಪಿಎಂ ಅನ್ನುವ ಕಂಪನಿಯ ನೈಲಾನ್ ತೋಳು ಹಾಕಿದೆ. ಅವು ಬಾಗುತ್ತವೆ, ಮುರಿಯುವುದಿಲ್ಲ. ಅಂಚೆ ಪೆಟ್ಟಿಗೆಯ ಕಂಬಕ್ಕೆ ಗುದ್ದಿಸಿ ಗುದ್ದಿಸಿ ಇದನ್ನು ಖಾತ್ರಿ ಮಾಡಿಕೊಂಡಿದ್ದೇನೆ. ಎರಡನೆಯದು, ಬಾಡಿ ಶೆಲ್ಲಿನ ಒಳಮೈಗೆ ಗೋಡೆ ಬಿರುಕಿಗೆ ಹಚ್ಚುವ ಜಾಲರಿ ಟೇಪ್ ಅಂಟಿಸಿ, ಅದರ ಮೇಲೆ ಚಪ್ಪಲಿ ಅಂಟಿಸುವ ರಬ್ಬರ್ ಗೋಂದನ್ನು ಬೆರಳಲ್ಲಿ ಸವರಿದೆ. ನೋಡಲಿಕ್ಕೆ ಸೆಗಣಿ ಸಾರಿಸಿದ ಹಾಗಿದೆ, ಆದರೆ ಒಳಗಿರುವುದರಿಂದ ಯಾರಿಗೂ ಕಾಣುವುದಿಲ್ಲ. ನಾಲ್ಕು ವರ್ಷದಿಂದ ಅದೇ ಶೆಲ್ ಬಾಳುತ್ತಿದೆ. ಮೂರನೆಯದು ವೀಲಿ ಬಾರ್, ಗಾಡಿಯ ಹಿಂದೆ ಚಾಚಿರುವ ಆಸರೆ ಕಡ್ಡಿ. ಅದಿಲ್ಲದಿದ್ದರೆ ಮುಂದಿನ ಕಾಲು ಎತ್ತಿದ ಗಾಡಿ ಬೆನ್ನ ಮೇಲೆ ಬಿದ್ದು, ಮಕ್ಕಳು ಪ್ರತಿ ಹತ್ತು ಸೆಕೆಂಡಿಗೊಮ್ಮೆ "ಅಪ್ಪಾ, ಎತ್ತಿ ಕೊಡು" ಅಂತ ಕೂಗುತ್ತಾರೆ.

ಮೋಡ್‌ಗಳ ವಿಷಯ ಮೊದಲೇ ಬಂತಲ್ಲ, ಅದನ್ನು ಮುಗಿಸಿಬಿಡೋಣ. ಎಕ್ಸ್‌ಎಲ್-5ರಲ್ಲಿ ಇರುವುದು ಒಂದೇ ಗುಂಡಿ. ಒತ್ತಿ ಹಿಡಿದರೆ ದೀಪ ಮೊದಲು ಹಸಿರು, ಆಮೇಲೆ ಕೆಂಪು, ಆಮೇಲೆ ಮಿಣುಕಲು ಶುರು. ಒಂದೊಂದೇ ಮಿಣುಕುವಾಗ ಬಿಟ್ಟರೆ ಸ್ಪೋರ್ಟ್: ಪೂರ್ತಿ ಶಕ್ತಿ, ಬ್ರೇಕ್, ರಿವರ್ಸ್ ಎಲ್ಲ ಇರುತ್ತದೆ. ಎರಡೆರಡು ಮಿಣುಕಿದಾಗ ಬಿಟ್ಟರೆ ರೇಸ್: ಪೂರ್ತಿ ಶಕ್ತಿ, ಬ್ರೇಕ್, ರಿವರ್ಸ್ ಇಲ್ಲ. ಮೂರು ಮಿಣುಕಿದಾಗ ಟ್ರೇನಿಂಗ್: ಮುಂದಕ್ಕೂ ಹಿಂದಕ್ಕೂ ಅರ್ಧ. ರೇಸಿನಲ್ಲಿ ರಿವರ್ಸ್ ಯಾಕೆ ಬೇಡ ಅಂದರೆ, ಒಂದು, ಟ್ರ್ಯಾಕಿನಲ್ಲಿ ಹಿಂದಕ್ಕೆ ಬರುವ ಗಾಡಿ ಉಳಿದವರಿಗೆಲ್ಲ ಕಂಟಕ. ಇನ್ನೊಂದು, ಗಾಬರಿಯಲ್ಲಿ ಬ್ರೇಕನ್ನು ಎರಡು ಸಲ ಒತ್ತಿದರೆ ಓಡುತ್ತಿರುವ ಗೇರಿಗೆ ರಿವರ್ಸ್ ಬೀಳುವ ಭಯವಿಲ್ಲ.

ಇನ್ನು ಓಟ. ನಾನು ಹೋಗುವ ಟ್ರ್ಯಾಕಿನ ಮಾನ್‌ಸ್ಟರ್ ಟ್ರಕ್ ವರ್ಗದ ನಿಯಮ ಸರಳ: ಕಂಪನಿ ಕೊಟ್ಟ ಮೋಟರ್, ಎರಡು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಟೈರ್ ಯಾವುದಾದರೂ ಆದೀತು. ಐದು ನಿಮಿಷದ ಎರಡು ಹೀಟ್, ಆಮೇಲೆ ಮೇನ್, ಅಂದರೆ ಫೈನಲ್. ನಿಮ್ಮ ಓಟ ಮುಗಿದ ಕೂಡಲೇ ಟ್ರಾನ್ಸ್‌ಮಿಟರ್ (ಕೈಯ ರಿಮೋಟ್) ಕೆಳಗಿಟ್ಟು, ಮುಂದಿನ ಓಟದಲ್ಲಿ ಮಗುಚಿದ ಗಾಡಿ ಎತ್ತಿ ನಿಲ್ಲಿಸುವ ಮಾರ್ಷಲ್ ಕೆಲಸಕ್ಕೆ ತಿರುವಿನಲ್ಲಿ ನಿಲ್ಲಬೇಕು. ತಪ್ಪಿಸಿಕೊಂಡರೆ ನಿಮ್ಮ ಫಲಿತಾಂಶದಿಂದಲೇ ಒಂದು ಸುತ್ತು ಕಳೆಯುತ್ತಾರೆ. ಗಾಡಿ ಸಜ್ಜು ಮಾಡುವುದನ್ನು ನಾನು ಕಲಿತದ್ದು ಓಡಿಸುವ ಕಟ್ಟೆಯ ಮೇಲಲ್ಲ, ಹೀಗೆ ಮಾರ್ಷಲ್ ಆಗಿ ನಿಂತಲ್ಲಿ. ಪ್ರತಿ ಗಾಡಿ ಯಾಕೆ ಬೀಳುತ್ತದೆ ಅನ್ನುವುದು ಎರಡು ಮಾರು ದೂರದಿಂದ ಕಾಣುತ್ತದೆ.

ಮೊದಲ ರೇಸಿನ ರಾತ್ರಿ ನನ್ನ ಕೋಣ ಒಂದೇ ಹೀಟ್‌ನಲ್ಲಿ ಹದಿಮೂರು ಸಲ ಮಗುಚಿತು. ಎಲ್ಲರ ಹಾಗೆ ನಾನೂ ಮೊದಲು ದುಡ್ಡು ಸುರಿದದ್ದು ಟೈರಿಗೆ. ಮೆತ್ತನೆ ರಬ್ಬರಿನ ಸಣ್ಣ ಮುಳ್ಳಿನ ಟೈರ್ ನಾಲ್ಕು ತಂದು ಹಾಕಿದೆ. ಮುಂದಿನ ವಾರ ಹದಿನೇಳು ಸಲ ಬಿತ್ತು. ಎತ್ತರದ ಗಾಡಿಯ ಟೈರು ನೆಲಕ್ಕೆ ಅಂಟಿಕೊಂಡಷ್ಟೂ ಅದು ಜಾರುವ ಬದಲು ಉರುಳುತ್ತದೆ. ಜಾರಿದ್ದರೆ ಒಂದು ಸೆಕೆಂಡ್ ಹೋಗುತ್ತಿತ್ತು, ಉರುಳಿದರೆ ಮಾರ್ಷಲ್ ಬರುವವರೆಗೆ ಐದಾರು ಸೆಕೆಂಡ್. ಟ್ರ್ಯಾಕಿನಲ್ಲಿ ಒಬ್ಬ ಹಿರಿಯರಿದ್ದಾರೆ, ಎಪ್ಪತ್ತರ ಆಸುಪಾಸು, ಲಾರಿ ಮೆಕ್ಯಾನಿಕ್ ಆಗಿ ನಿವೃತ್ತಿ. ಅವರು ಬಂದು ಗಾಡಿಯನ್ನು ಮೇಜಿನಿಂದ ಒಂದಡಿ ಮೇಲೆತ್ತಿ ಕೈಬಿಟ್ಟರು. ಅದು ರಬ್ಬರ್ ಚೆಂಡಿನ ಹಾಗೆ ಎರಡು ಸಲ ಪುಟಿಯಿತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಟೈರ್ ಬಿಚ್ಚಿ ಒಳಗಿಡು, ಮೊದಲು ಇದನ್ನು ಸರಿಮಾಡು ಅಂದರು.

ಸರಿಮಾಡುವುದು ಅಂದರೆ ಗಾಡಿಯ ಎತ್ತರ ಇಳಿಸುವುದು. ಇದೊಂದನ್ನು ಮಾತ್ರ ನಾನು ವಿಸ್ತಾರವಾಗಿ ಬರೆಯುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಮಾಡಿದರೂ ಇದನ್ನು ಬಿಟ್ಟರೆ ವ್ಯರ್ಥ.

ಗಾಡಿಯನ್ನು ಬ್ಯಾಟರಿ ಸಮೇತ ಸಮತಟ್ಟು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಎರಡು ಶಾಫ್ಟ್‌ಗಳು ಮನೆಯ ಮಾಡಿನ ಹಾಗೆ ಇಳಿಜಾರಾಗಿ ಕಾಣುತ್ತವೆ. ಓಟಕ್ಕೆ ಅವು ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿರಬೇಕು. ಮೊದಲ ಹೆಜ್ಜೆ, ಶಾಕ್ (ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆ) ಮೇಲಿನ ಪ್ಲಾಸ್ಟಿಕ್ ಉಂಗುರಗಳನ್ನು ತೆಗೆಯುವುದು. ಸ್ಪ್ರಿಂಗ್ ಸಡಿಲವಾಗಿ ಗಾಡಿ ಒಂದಿಷ್ಟು ಕೂರುತ್ತದೆ. ಅಷ್ಟು ಸಾಲದು, ಯಾಕೆಂದರೆ ತಿರುವಿನಲ್ಲಿ ಒಳಗಿನ ಚಕ್ರದ ಮೇಲಿನ ಭಾರ ಹೋದ ಕೂಡಲೇ ಶಾಕ್ ಪೂರ್ತಿ ಉದ್ದಕ್ಕೆ ಚಾಚಿ ಆ ಮಗ್ಗುಲನ್ನು ಎತ್ತಿಬಿಡುತ್ತದೆ. ಅದಕ್ಕೇ ಶಾಕ್ ಬಿಚ್ಚಿ, ಒಳಗೆ ಪಿಸ್ಟನ್ನಿನ ಕೆಳಗೆ ಕಡ್ಡಿಗೆ ಒಂದು ತುಂಡು ರಬ್ಬರ್ ಕೊಳವೆ ತೊಡಿಸಬೇಕು. ಇಂಧನದಿಂದ ಓಡುವ ರಿಮೋಟ್ ಗಾಡಿಗಳಿಗೆ ಬಳಸುವ ಸಿಲಿಕೋನ್ ಕೊಳವೆ ಸಾಕು. ನಾನು ಮುಂದೆ ಎಂಟು ಮಿಲಿಮೀಟರ್, ಹಿಂದೆ ಹತ್ತು ಮಿಲಿಮೀಟರ್ ಕತ್ತರಿಸಿ ಹಾಕಿದೆ. ಇಷ್ಟರಲ್ಲಿ ಗಾಡಿ ಒಂದು ಬೆರಳಗಲ ಇಳಿಯಿತು. ಖರ್ಚು ಎರಡು ಡಾಲರ್. ಆ ವಾರ ಮೂರು ಸಲ ಮಗುಚಿತು, ಅಷ್ಟೇ.

ಶಾಕ್ ಬಿಚ್ಚಿದ ಮೇಲೆ ಎಣ್ಣೆ ಬದಲಿಸದೆ ಮುಚ್ಚುವುದು ದಡ್ಡತನ. ಕಂಪನಿ ತುಂಬಿಸಿ ಕೊಡುವುದು 30ರ ಸಿಲಿಕೋನ್ ಎಣ್ಣೆ (ಅಂಕಿ ಹೆಚ್ಚಿದಷ್ಟೂ ಎಣ್ಣೆ ದಪ್ಪ). ನಾನು ಮುಂದೆ 40, ಹಿಂದೆ 35 ಹಾಕುತ್ತೇನೆ. ಟೆಕ್ಸಸ್ಸಿನ ಆಗಸ್ಟಿನಲ್ಲಿ ಸಂಜೆ ಏಳಕ್ಕೂ 38 ಡಿಗ್ರಿ ಇರುವಾಗ ಎಣ್ಣೆ ನೀರಾಗುತ್ತದೆ, ಆಗ ಎರಡೂ ಕಡೆ ಐದೈದು ಹೆಚ್ಚು. ಜನವರಿಯಲ್ಲಿ ಇದೇ ಎಣ್ಣೆ ಹರಳೆಣ್ಣೆಯಂತಾಗುತ್ತದೆ, ಆಗ ಮತ್ತೆ 30. ಎಣ್ಣೆ ಹೊಯ್ಯುವುದು ನಮ್ಮ ಮನೆಯಲ್ಲಿ ಭಾನುವಾರ ರಾತ್ರಿ, ಅಡುಗೆಮನೆ ಕಟ್ಟೆ ಒರೆಸಿಯಾದ ಮೇಲೆ, ಕೆಳಗೆ ಹಳೆ ಪೇಪರ್ ಹಾಸಿಕೊಂಡು. ನಾಲ್ಕು ಶಾಕ್‌ಗಳನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಬಾಯಿವರೆಗೆ ತುಂಬಿ, ಕಡ್ಡಿಯನ್ನು ನಿಧಾನ ಮೇಲೆ ಕೆಳಗೆ ಮಾಡಿದರೆ ಪಿಸ್ಟನ್ನಿನ ತೂತುಗಳಿಂದ ಗುಳ್ಳೆ ಏಳುತ್ತದೆ. ಮೊದಲು ಸಾಸಿವೆ ಗಾತ್ರ, ಆಮೇಲೆ ಗಸಗಸೆ ಗಾತ್ರ, ಕೊನೆಗೆ ಕಣ್ಣಿಗೆ ಕಾಣದ ಹಾಲುಬಿಳುಪು. ಹತ್ತು ನಿಮಿಷ ಬಿಡಬೇಕು. ಹಾಗೇ ಮುಚ್ಚಿದರೆ ಒಳಗೆ ಉಳಿದ ಗಾಳಿ ಓಡುವಾಗ ಚೊಳಕ್ ಚೊಳಕ್ ಅನ್ನುತ್ತದೆ, ಆ ಶಾಕ್ ಇದ್ದೂ ಇಲ್ಲದ ಹಾಗೆ. ನನ್ನ ಹೆಂಡತಿಗೆ ಈಗ ಆ ಸದ್ದಿನ ಗುರುತು ಸಿಗುತ್ತದೆ. "ಹಿಂದಿನ ಎಡಗಡೆದು ಸರಿ ಆಗ್ಲಿಲ್ಲ ನೋಡಿ" ಅಂತಾಳೆ, ಪಾತ್ರೆ ತೊಳೆಯುತ್ತಲೇ.

ಇಷ್ಟಾದ ಮೇಲೆ ಆ ಹಿರಿಯರ ಪರೀಕ್ಷೆ ಮತ್ತೆ ಮಾಡಿ. ಒಂದಡಿಯಿಂದ ಬಿಟ್ಟರೆ ಗಾಡಿ ಧಪ್ ಅಂತ ಬಿದ್ದು ಅಲ್ಲೇ ಕೂರಬೇಕು. ಪುಟಿದರೆ ಎಣ್ಣೆ ತೆಳು. ಹೊಟ್ಟೆ ಜೋರಾಗಿ ಮೇಜಿಗೆ ಬಡಿದರೆ ಸ್ಪ್ರಿಂಗ್ ಮೆದು.

ಟೈರಿಗೆ ಈಗ ಬರೋಣ. ಮೆತ್ತನೆ ಟೈರನ್ನು ಹಿಂದೆ ಮಾತ್ರ ಇಟ್ಟು, ಮುಂದೆ ಸವೆದ ಹಳೆ ಟೈರ್ ಹಾಕಿದೆ. ಮುಂದಿನ ಹಿಡಿತ ಕಡಿಮೆಯಾದ್ದರಿಂದ ಗಾಡಿ ತಿರುವಿನಲ್ಲಿ ಸ್ವಲ್ಪ ಹೊರಗೆ ತಳ್ಳುತ್ತದೆ, ಆದರೆ ಬೀಳುವುದಿಲ್ಲ. ನೀರು ಚಿಮುಕಿಸಿದ ಹೊತ್ತಿಗೆ ಮುಳ್ಳು ಬೇಕು. ಮಣ್ಣು ಒಣಗಿ ಗಟ್ಟಿಯಾಗಿ ಸಾರಣೆ ನೆಲದ ಹಾಗೆ ಹೊಳೆಯತೊಡಗಿದರೆ ಮುಳ್ಳು ಸವೆದವೇ ಚೆನ್ನಾಗಿ ಹಿಡಿಯುತ್ತವೆ. ಬೀದಿಯ ಕಾಂಕ್ರೀಟಿನಲ್ಲಿ ಮಾತ್ರ ಈ ಟೈರ್ ಓಡಿಸಬೇಡಿ, ಒಂದು ವಾರಾಂತ್ಯದಲ್ಲಿ ಬೋಳಾಗುತ್ತವೆ. ಆಟಕ್ಕೆ ಕಂಪನಿಯ ಗಟ್ಟಿ ಟೈರೇ ಸೈ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಚಕ್ರಗಳ ತಲೆ ಒಳಕ್ಕೆ ಒಂದೆರಡು ಡಿಗ್ರಿ ವಾಲಿರಲಿ. ಈ ವಾಲು ಹೊಂದಿಸುವ ಟರ್ನ್‌ಬಕಲ್ ಕಡ್ಡಿಯ ಒಂದು ತುದಿಗೆ ಬಲಮರೆ, ಇನ್ನೊಂದಕ್ಕೆ ಎಡಮರೆ ಇರುವುದರಿಂದ ಬಿಚ್ಚದೆಯೇ ತಿರುಗಿಸಿ ಉದ್ದ ಗಿಡ್ಡ ಮಾಡಬಹುದು. ಬ್ಯಾಟರಿಯ ಹಿಂದೆ ಸ್ಪಂಜಿನ ತುಂಡಿಟ್ಟು ಮುಂದಕ್ಕೆ ದೂಡಿದರೆ ಸ್ಟೀರಿಂಗ್ ಚುರುಕು, ಹಿಂದಕ್ಕೆ ದೂಡಿದರೆ ಎಳೆತ ಜಾಸ್ತಿ. ಸ್ಲಿಪ್ಪರ್ ಕ್ಲಚ್ಚಿನ (ಜೋರು ಎಳೆತ ಬಿದ್ದಾಗ ಜಾರಿ ಗೇರನ್ನು ಕಾಪಾಡುವ ಭಾಗ) ನಟ್ಟನ್ನು ಸ್ಪ್ರಿಂಗ್ ಪೂರ್ತಿ ಅಮುಕುವವರೆಗೆ ಬಿಗಿ ಮಾಡಿ, ಅಲ್ಲಿಂದ ಅರ್ಧ ಸುತ್ತು ಸಡಿಲಿಸಿ. ನುಣುಪು ಟ್ರ್ಯಾಕಿನಲ್ಲಿ ಇನ್ನೊಂದು ಕಾಲು ಸುತ್ತು. ಹೊರಡುವಾಗ ಒಂದು ಕ್ಷಣ ಕೀರ್ ಅಂದರೆ ಸರಿಯಾಗಿದೆ, ಒಂದೇ ಸಮ ಕಿರುಚಿದರೆ ಪ್ಯಾಡ್ ಸುಡುತ್ತಿದೆ. ಸಣ್ಣ ಟ್ರ್ಯಾಕಿಗೆ ಪಿನಿಯನ್ (ಮೋಟರಿಗೆ ಕೂರಿಸಿದ ಸಣ್ಣ ಗೇರ್) ಹಲ್ಲು ಒಂದೆರಡು ಕಮ್ಮಿ ಇರಲಿ: ನೆಟ್ಟನೆ ಹಾದಿಯಲ್ಲಿ ಸ್ವಲ್ಪ ಸೋಲುತ್ತೀರಿ, ತಿರುವಿನಿಂದ ಹೊರಬರುವಾಗ ಗೆಲ್ಲುತ್ತೀರಿ, ಮೋಟರೂ ಬಿಸಿಯಾಗುವುದಿಲ್ಲ. ಪಿನಿಯನ್ ಬದಲಿಸುವಾಗ ಎರಡು ಗೇರ್ ನಡುವೆ ಒಂದು ಪಟ್ಟಿ ಕಾಗದ ಸಿಕ್ಕಿಸಿ ಒತ್ತಿ ಸ್ಕ್ರೂ ಬಿಗಿ ಮಾಡಿ, ಆಮೇಲೆ ಕಾಗದ ಹೊರಗೆ ತೆಗೆಯಿರಿ. ನಡುವೆ ಬೇಕಾದಷ್ಟೇ ಸಂದು ಉಳಿಯುತ್ತದೆ. ವೀಲಿ ಬಾರ್ ಕಳಚಿಡಿ, ಜಂಪ್ ಹತ್ತುವಾಗ ಮಣ್ಣಿಗೆ ತಾಗಿ ಮೂತಿ ಕೆಳಗೆ ಮಾಡುತ್ತದೆ. ಆ ಸೆಗಣಿ ಸಾರಿಸಿದ ಶೆಲ್ ಕೂಡ ಬೇಡ. ಎಲ್ಲಕ್ಕಿಂತ ಮೇಲೆ ಕೂರುವ ಭಾರ ಅದು. ತೆಳು ಶೆಲ್ ಹಾಕಿ, ಹಾರುವಾಗ ಗಾಳಿ ತುಂಬಿಕೊಂಡು ಕೊಡೆಯ ಹಾಗೆ ಆಗದಿರಲು ಹಿಂದಿನ ಕಿಟಕಿ ಕತ್ತರಿಸಿಬಿಡಿ.

ಹಾರುವಾಗ ನೆನಪಿಡಬೇಕಾದದ್ದು ಒಂದೇ: ಗಾಳಿಯಲ್ಲಿದ್ದಾಗ ಟ್ರಿಗರ್ ಎಳೆದರೆ ಮೂತಿ ಮೇಲೇಳುತ್ತದೆ, ಬ್ರೇಕ್ ಹಿಡಿದರೆ ಇಳಿಯುತ್ತದೆ. ಚಕ್ರ ಒಂದು ಕಡೆ ತಿರುಗುವ ವೇಗ ಹೆಚ್ಚಾದಾಗ ಗಾಡಿ ಇನ್ನೊಂದು ಕಡೆ ತಿರುಗಲು ನೋಡುತ್ತದೆ, ಅದರ ಆಟ ಇದು. ದೊಡ್ಡ ಚಕ್ರವಿರುವ ಗಾಡಿಗಳಲ್ಲಿ ಇದು ಜಾಸ್ತಿ. ಈ ಒಂದು ವಿದ್ಯೆಯಲ್ಲಿ ಮಾನ್‌ಸ್ಟರ್ ಟ್ರಕ್ ಉಳಿದವಕ್ಕಿಂತ ಮೇಲು.

ಹೀಗೆ ಕಟ್ಟಿದ ಗಾಡಿಯನ್ನು 2023ರ ಡಿಸೆಂಬರಿನಲ್ಲಿ ಊರಿಗೆ ಒಯ್ದೆ. ಬ್ಯಾಟರಿ ಕೈಚೀಲದಲ್ಲೇ ಇರಬೇಕು. 7.4 ವೋಲ್ಟಿನ 5000 ಎಂಎಎಚ್ ಅಂದರೆ 37 ವಾಟ್-ಅವರ್, ವಿಮಾನದವರ 100ರ ಮಿತಿಯೊಳಗೇ ಬರುತ್ತದೆ, ತುದಿಗಳಿಗೆ ಟೇಪ್ ಸುತ್ತಿಟ್ಟಿದ್ದೆ. ಗಾಡಿ ಸೂಟ್‌ಕೇಸಿನಲ್ಲಿ, ಪಂಚೆ ಸುತ್ತಿಕೊಂಡು ಬಂತು. ಕೊಯ್ಲು ಮುಗಿದ ಗದ್ದೆ, ಸಂಜೆ ನಾಲ್ಕೂವರೆ, ಅಕ್ಕನ ಮಗ, ಅವನ ಏಳೆಂಟು ಗೆಳೆಯರು. ಅಮೆರಿಕದಲ್ಲಿ ರೇಸಿಗೆ ಹೋಗುವ ಗಾಡಿ ಅಂತ ನಾನೇ ಪೀಠಿಕೆ ಹಾಕಿದ್ದೆ. ಹುಣಿಯಿಂದ ಇಳಿಸಿ ಟ್ರಿಗರ್ ಎಳೆದರೆ ಹತ್ತಡಿ ಹೋಗಿ ನಿಂತಿತು. ಕೂಳೆಯ ಮೇಲೆ ಹೊಟ್ಟೆ ಕೂತು, ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿದೆ. ಅಳಿಯ ನನ್ನ ಕೈಯಿಂದ ಟ್ರಾನ್ಸ್‌ಮಿಟರ್ ತಕೊಂಡು ಎಷ್ಟು ಒತ್ತಿದರೂ ಬ್ರೇಕ್ ಮಾತ್ರ. "ಮಾವ, ಇದ್ ಹಿಂದೆ ಹೋತಿಲ್ಲೆ!" ಅಂದ, ಊರಿಗೆಲ್ಲ ಕೇಳುವ ಹಾಗೆ. ನಡೆದು ಹೋಗಿ ಎತ್ತಿಟ್ಟೆ, ಮತ್ತೆ ಹತ್ತಡಿ, ಮತ್ತೆ ಕೂತಿತು. ಒಬ್ಬ ಹುಡುಗ ಇನ್ನೊಬ್ಬನಿಗೆ, ಪೇಟೆಯಲ್ಲಿ ಸಾವಿರ ರೂಪಾಯಿಗೆ ಸಿಗುವುದೇ ಇದಕ್ಕಿಂತ ಸಮ ಇತ್ತು ಅಂದದ್ದು ನನಗೂ ಕೇಳಿಸಿತು.

ಆ ರಾತ್ರಿ ಜಗಲಿಯಲ್ಲಿ ಕೂತು ನಾಲ್ಕೂ ಶಾಕ್ ಬಿಚ್ಚಿ ಕೊಳವೆ ತೆಗೆದು ಗಾಡಿಯನ್ನು ಮತ್ತೆ ಎತ್ತರಿಸಿದೆ. ತಂದಿದ್ದ ಎಣ್ಣೆಯ ಬಾಟಲಿ ಸೂಟ್‌ಕೇಸಿನಲ್ಲಿ ಸೋರಿ ಅರ್ಧ ಆಗಿತ್ತು. ಅಳಿಯ ಬೈಕಿನ ಎಣ್ಣೆ ಹಾಕುವ ಅಂದ. ಬೇಡ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಒಳಗಿನ ರಬ್ಬರ್ ಉಂಗುರ ಉಬ್ಬಿ ಹಾಳಾಗುತ್ತದೆ. ಇದ್ದದ್ದನ್ನೇ ಹಂಚಿ ಹಾಕಿದೆವು. ಮರುದಿನ ಕೋಣ ಕೂಳೆಯ ಮೇಲೆ ಕುಣಿಯಿತು, ಹುಣಿ ಹತ್ತಿ ಹಾರಿತು, ಒಣಹುಲ್ಲಿನ ಕುತ್ರೆಗೆ ನುಗ್ಗಿ ಕಾಣೆಯಾಯಿತು. ಸಾವಿರ ರೂಪಾಯಿಯ ಹುಡುಗ ತನಗೂ ಒಂದು ಸಲ ಕೊಡಿ ಅಂತ ಸಾಲಿನಲ್ಲಿ ನಿಂತ.

ಆ ಖುಷಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಮರವಂತೆಗೆ ಒಯ್ದು ಅಲೆಯ ಅಂಚಿನಲ್ಲಿ ಓಡಿಸಿದೆ. ವಾಟರ್‌ಪ್ರೂಫ್ ಅಂತ ಬರೆದಿರುವುದು ಎಲೆಕ್ಟ್ರಾನಿಕ್ಸಿಗೆ, ಬೇರಿಂಗಿಗೆ ಅಲ್ಲ. ಸಿಹಿನೀರಾದರೂ ಒರೆಸಿ ಒಂದೊಂದು ಹನಿ ಎಣ್ಣೆ ಬಿಡಬೇಕು. ಉಪ್ಪುನೀರಾದರೆ ದೇವರೇ ಗತಿ. ಫ್ರಿಸ್ಕೋದ ನಮ್ಮ ಮನೆಗೆ ವಾಪಸು ಬಂದು ಬಿಚ್ಚಿದಾಗ ಮುಂದಿನ ನಾಲ್ಕು ಬೇರಿಂಗ್ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು, ಮೋಟರಿನ ಗಾಳಿಕಿಂಡಿಯಿಂದ ಒಂದು ಚಿಟಿಕೆ ಮರಳು ಉದುರಿತು.

ಒಂದು ಅವತಾರದಿಂದ ಇನ್ನೊಂದಕ್ಕೆ ಬದಲಿಸಲು ನನಗೆ ಬೇಕಾಗುವುದು ಎರಡು ಗಂಟೆ ಹತ್ತು ನಿಮಿಷ. ಗಡಿಯಾರ ಇಟ್ಟು ನೋಡಿದ್ದೇನೆ. ಶಾಕ್ ನಾಲ್ಕು, ಟೈರ್ ನಾಲ್ಕು, ಪಿನಿಯನ್, ಕ್ಲಚ್, ಶೆಲ್, ವೀಲಿ ಬಾರ್, ಕೊನೆಗೆ ಆ ಗುಂಡಿ. ಗುಂಡಿ ಮರೆತರೆ ಏನಾಗುತ್ತದೆ ಅಂತ ಮೊದಲೇ ಓದಿದ್ದೀರಿ. ಅಕ್ಟೋಬರಿನ ಆ ರಾತ್ರಿಯ ಮರುವಾರವೇ ಎಪ್ಪತ್ತು ಡಾಲರಿಗೆ ಇನ್ನೊಂದು ಹಳೆ ಸ್ಟ್ಯಾಂಪೀಡ್ ಹುಡುಕಿ ತಂದೆ. ಈಗ ಕೋಣ ಎರಡು. ಇಳಿಸಿದ್ದು ಗ್ಯಾರೇಜಿನ ಮೇಲಿನ ಹಲಗೆಯಲ್ಲಿ, ಎತ್ತರದ್ದು ಕೆಳಗೆ, ಮಗಳ ಕೈಗೆ ಸಿಗುವಲ್ಲಿ.

ಹಾಗಾದರೆ ಕೊಳ್ಳಬೇಕಾ? ಆಟಕ್ಕಾದರೆ ಕಣ್ಣು ಮುಚ್ಚಿ ಕೊಳ್ಳಿ. ಆರು ವರ್ಷದಲ್ಲಿ ನನ್ನ ಮೊದಲ ಗಾಡಿಯ ಗೇರ್‌ಬಾಕ್ಸನ್ನು ಗ್ರೀಸ್ ಹಾಕಲು ಬಿಟ್ಟರೆ ತೆರೆದಿಲ್ಲ. ಮ್ಯಾಗ್ನಮ್ 272 ಅನ್ನುವ ಅದೇ ಗೇರ್‌ಬಾಕ್ಸ್ ಇದೇ ಕಂಪನಿಯ ರಸ್ಲರ್, ಬ್ಯಾಂಡಿಟ್, ಸ್ಲ್ಯಾಶ್ ಗಾಡಿಗಳಲ್ಲೂ ಇರುವುದರಿಂದ ಬಿಡಿಭಾಗಕ್ಕೆ ಪರದಾಟವಿಲ್ಲ. ಓಟಕ್ಕೆ ಅಂತಲೇ ಕೊಳ್ಳುವುದಾದರೆ ಇದು ಬೇಡ, ನಿಮ್ಮ ಟ್ರ್ಯಾಕಿನಲ್ಲಿ ಮಾನ್‌ಸ್ಟರ್ ಟ್ರಕ್ ವರ್ಗ ಇದ್ದರೆ ಮಾತ್ರ ಯೋಚಿಸಿ. ಅದೇ ದುಡ್ಡಿಗೆ ತುಸು ಸೇರಿಸಿದರೆ 2008ರಿಂದ ಇರುವ ಸ್ಲ್ಯಾಶ್ ಸಿಗುತ್ತದೆ. ಅಗಲ, ಗಿಡ್ಡ, ಹುಟ್ಟಿನಿಂದಲೇ ತಿರುವಿಗೆ ತಯಾರು. ನಾನು ಯಾಕೆ ಇದರಲ್ಲೇ ಓಡುತ್ತೇನೆ ಅಂದರೆ, ಹತ್ತು ಗಾಡಿಗಳು ಒಟ್ಟಿಗೆ ಮೊದಲ ತಿರುವಿಗೆ ಬಂದಾಗ ಒಂದರ ಮೇಲೊಂದು ಹತ್ತಿ ಇಳಿದು ಹೋಗುವ ಚಂದ ಸ್ಲ್ಯಾಶ್ ವರ್ಗದಲ್ಲಿ ಇಲ್ಲ. 1987ರ ಟಮಿಯಾ ಕಂಪನಿಯ ಕ್ಲಾಡ್ ಬಸ್ಟರ್ ಟ್ರಕ್ ಇಟ್ಟುಕೊಂಡು, ಆಕ್ಸಲ್ಲಿಗೊಂದರಂತೆ ಎರಡು ಮೋಟರ್, ನಾಲ್ಕೂ ಚಕ್ರಕ್ಕೆ ಸ್ಟೀರಿಂಗ್ ಅಂತ ಇವತ್ತಿಗೂ ಓಡಿಸುವ ಭಕ್ತರಿದ್ದಾರೆ. ಅವರ ಮುಂದೆ ನನ್ನದು ಏನೂ ಅಲ್ಲ.

ಹಳೆಯದನ್ನು ಕೊಳ್ಳುವವರಿಗೆ ಒಂದು ಮಾತು, ನನ್ನ ಎಪ್ಪತ್ತು ಡಾಲರಿನ ಅನುಭವದಿಂದ. ಗಾಡಿಯ ಹಿಂಭಾಗ ಎತ್ತಿ ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಚಕ್ರ ನುಣ್ಣಗೆ ಎದುರು ದಿಕ್ಕಿಗೆ ತಿರುಗಿದರೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಸರಿ ಇದೆ, ಕಟಕಟ ಅಂದರೆ ಹಲ್ಲು ಹೋಗಿದೆ. ಮುಂದಿನ ಚಕ್ರ ಹಿಡಿದು ಅಲುಗಾಡಿಸಿ, ಒಂದಿಷ್ಟು ಲೊಡಲೊಡ ಎಲ್ಲದರಲ್ಲೂ ಇರುತ್ತದೆ. ಕೊನೆಗೆ ಸ್ವಿಚ್ ಹಾಕಿ ಹಿಂದಕ್ಕೆ ಓಡಿಸಿ ನೋಡಿ. ನನಗೆ ಮಾರಿದವನ ಗಾಡಿ ಹಿಂದೆ ಹೋಗಲಿಲ್ಲ. ರಿವರ್ಸ್ ಕೆಟ್ಟಿದೆ ಅಂತ ಅವನೇ ಮೂವತ್ತು ಡಾಲರ್ ಇಳಿಸಿದ. ಮನೆಗೆ ಬಂದು ಗುಂಡಿ ಒತ್ತಿ ಹಿಡಿದೆ. ಹಸಿರು, ಕೆಂಪು, ಒಂದು ಮಿಣುಕು. ಬಿಟ್ಟೆ. ಹಿಂದೆ ಹೋಯಿತು.